ನೂರಕ್ಕೆ ನಾಲ್ಕು

ಮಾರ್ಚ್ ೪

ತಕ್ಕಡಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುತ್ತಿದ್ದವರು ಹೋಗಿ ಎಂಟು ವರ್ಷವಾಯಿತು. ನಿನ್ನಣ್ಣ ಇಟ್ಟ ಹೆಸರು, ನಾನು ಬದಲಾಯಿಸುವುದಿಲ್ಲ. ಈ ಎಂಟು ವರ್ಷದಲ್ಲಿ ನಾನು ನಿನಗೆ ಒಂದು ಸಾಲೂ ಬರೆದಿಲ್ಲ, ನೀನೂ ಬರೆದಿಲ್ಲ. ಈಗಲೂ ಕ್ಷೇಮಸಮಾಚಾರ ಕೇಳಲು ಬರೆಯುತ್ತಿಲ್ಲ. ನಿನ್ನಿಂದ ಒಂದು ಕೆಲಸ ಆಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ. ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, "ಒಂದು ವರ್ಷ ಅಂದ್ಕೊಳ್ಳಿ" ಎಂದರು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಹಾಸಿಗೆಯ ಬಟ್ಟೆ ಒಗೆದವಳು. ಒಂದು ವರ್ಷ ಎಂದು ಹೇಳಿಸಿಕೊಂಡವರ ಹಾಸಿಗೆ ಎಷ್ಟು ದಿನಕ್ಕೆ ಖಾಲಿಯಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನಗೆ ಸಾವಿನ ಚಿಂತೆಯಿಲ್ಲ. ದೇವರು ಕರೆದಾಗ ಹೋಗುವುದಷ್ಟೇ. ಆದರೆ ಗುಬ್ಬಿ ಇದ್ದಾಳೆ, ಹೆತ್ತ ಮಗಳು. ನೀನು ನೋಡಿದಾಗ ಹದಿನಾರು, ಈಗ ಇಪ್ಪತ್ತನಾಲ್ಕು. ಬುದ್ಧಿ ಮಾತ್ರ ಅಂದಿನಷ್ಟೇ, ಆರು ವರ್ಷದ ಮಗುವಿನದು. ನನ್ನ ಜೊತೆ ಲಾಂಡ್ರಿಗೆ ಬರುತ್ತಾಳೆ, ಟವೆಲುಗಳನ್ನು ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಾಡುತ್ತಾಳೆ. ನಾಲ್ಕರವರೆಗೆ ಎಣಿಸಲು ಬರುತ್ತದೆ. ಆಮೇಲೆ ಮತ್ತೆ ಒಂದು.

ಊರಾಚೆ ಇಂಥವರಿಗೆ ಆರೈಕೆ ಮನೆಯೊಂದಿದೆ. ಹೋಗಿ ನೋಡಿ ಬಂದೆ. ಶುಚಿಯಾಗಿದೆ, ಹೊಡೆಯುವುದಿಲ್ಲ. ತಿಂಗಳಿಗೆ ಒಂಬತ್ತು ಸಾವಿರ, ಅವಳಿರುವ ತನಕ. ನಿನ್ನಣ್ಣನ ಲೇತ್ ಶೆಡ್ಡು ಮಾರಿದೆ, ಹನ್ನೆರಡು ಲಕ್ಷ ಬಂತು. ನನ್ನ ಹತ್ತಿರ ಇರುವುದು ಅಷ್ಟೇ. ಅದನ್ನೇ ಕರಗಿಸುತ್ತ ಹೋದರೆ ಹನ್ನೊಂದು ವರ್ಷ. ಆಗ ಅವಳಿಗೆ ಮೂವತ್ತೈದು. ಆಮೇಲೆ ಬೀದಿ.

ಮೊದಲು ನನ್ನ ಮೇಲೆ ಪಾಲಿಸಿ ಮಾಡಿಸೋಣವೆಂದು ಹೋದೆ. ಫಾರಂ ಕೊಟ್ಟರು. ಕಾಯಿಲೆ ಇದೆಯೇ ಎಂದು ಕೇಳಿತ್ತು. ದೇವರು ನೋಡುತ್ತಿರುತ್ತಾನೆ, ಇದೆ ಎಂದು ಬರೆದೆ. ಏಜೆಂಟ್ ಅದನ್ನು ಓದಿ ನಗಲೂ ಆಗದೆ ಅಳಲೂ ಆಗದೆ, "ಅಮ್ಮಾ, ನಿಮಗೆ ಪಾಲಿಸಿ ಯಾರೂ ಕೊಡಲ್ಲ. ಷೇರು ಬೇಕಾದ್ರೆ ಕೊಡ್ತಾರೆ. ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಕೇಳಲ್ಲ!" ಎಂದ. ತಮಾಷೆಗೆ ಅಂದದ್ದು. ನಾನು ಮನೆಗೆ ಬರುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ. ಅಸಲನ್ನು ಮುಟ್ಟದೆ, ವರ್ಷ ವರ್ಷ ಡಿವಿಡೆಂಡ್ ಮಾತ್ರ ತಿನ್ನುವ ಹಾಗಿದ್ದರೆ ಅವಳು ಎಷ್ಟು ವರ್ಷ ಬದುಕಿದರೂ ನಡೆಯುತ್ತದಲ್ಲ?

ಜನ ಸಾಯುವುದು ನಿಲ್ಲುವುದಿಲ್ಲ, ಸಾಯುತ್ತೇವೆಂಬ ಹೆದರಿಕೆಯೂ ನಿಲ್ಲುವುದಿಲ್ಲ. ಹಾಗಾಗಿ ಜೀವವಿಮೆ ಕಂಪನಿ ಮುಚ್ಚುವುದಿಲ್ಲ ಎಂದು ನನ್ನ ಲೆಕ್ಕ. ಆದರೆ ಯಾವ ಕಂಪನಿ? ಇಲ್ಲಿ ಮೂರಿವೆ. ಪಾರಿವಾಳದ ಗುರುತಿನದು, ಕೀಲಿಕೈ ಗುರುತಿನದು, ಮತ್ತೆ ನೀನು ಕೆಲಸ ಮಾಡಿದ ಹಡಗಿನ ಗುರುತಿನದು. ಇಪ್ಪತ್ತೈದು ವರ್ಷ ಕ್ಲೇಮು ವಿಭಾಗದಲ್ಲಿ ಕೂತವಳು ನೀನು. ನನಗೆ ಗೊತ್ತಿರುವವರಲ್ಲಿ ಈ ವಿಷಯ ಬಲ್ಲವಳು ನೀನೊಬ್ಬಳೇ.

ನಿನ್ನಣ್ಣನಿಗೆ ಪಾಲಿಸಿಗೆ ಮೊದಲೇ ಎದೆನೋವು ಇತ್ತು ಎಂದು ನೀನು ನಿನ್ನ ಅಧಿಕಾರಿಯ ಮುಂದೆ ಬರೆದುಕೊಟ್ಟೆ. ನಮಗೆ ಬರಬೇಕಾದ್ದು ಬರಲಿಲ್ಲ. ನೀನು ಸುಳ್ಳು ಹೇಳುವವಳಲ್ಲ. ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ.

ಉತ್ತರ ಬರೆಯದಿದ್ದರೆ ಅದೂ ಒಂದು ಉತ್ತರವೆಂದುಕೊಳ್ಳುತ್ತೇನೆ.

ನಿನ್ನ ಅತ್ತಿಗೆ


ಮಾರ್ಚ್ ೧೬

ಅತ್ತಿಗೆಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಆರೋಗ್ಯದ ವಿಷಯ ಎರಡು ಸಲ ಓದಿದೆ.

ಕೆಲಸದ ಮಾತಿಗೆ ಬರುತ್ತೇನೆ. ಷೇರಿನ ಬೆಲೆ ಇಳಿಯಬಹುದು, ಡಿವಿಡೆಂಡ್ ಒಂದು ವರ್ಷ ಬಾರದೇ ಹೋಗಬಹುದು. ಇದಕ್ಕೆ ಯಾರೂ ಜವಾಬು ಕೊಡುವುದಿಲ್ಲ, ಮೊದಲು ಅದು ಗೊತ್ತಿರಲಿ. ಡಿವಿಡೆಂಡ್ ಎಷ್ಟು ದೊಡ್ಡದು ಎಂದು ನೋಡಬೇಡಿ. ಎಷ್ಟು ವರ್ಷದಿಂದ ತಪ್ಪದೆ ಬಂದಿದೆ, ಆ ವರ್ಷದ ಲಾಭದಿಂದ ಕೊಟ್ಟಿದ್ದಾರೋ ಅಥವಾ ಗಂಟು ಬಿಚ್ಚಿ ಕೊಟ್ಟಿದ್ದಾರೋ ನೋಡಬೇಕು. ಮುಂದೆ ಬರುವ ಸಾವುಗಳಿಗಾಗಿ ವಿಮೆ ಕಂಪನಿ ಒಂದು ಗಂಟು ತೆಗೆದಿಟ್ಟಿರುತ್ತದೆ. ಅದು ತೆಳ್ಳಗಾಗಿದ್ದರೆ ಆ ಕಡೆ ತಲೆಹಾಕಬಾರದು. ಪಾಲಿಸಿ ಮಾಡಿಸಿದವರಲ್ಲಿ ಐದು ವರ್ಷದ ಮೇಲೂ ಕಂತು ಕಟ್ಟುತ್ತಿರುವವರು ಎಷ್ಟು ಜನ ಎಂಬುದನ್ನೂ ನೋಡಬೇಕು. ನಡುವೆ ಬಿಟ್ಟುಹೋಗುವವರು ಹೆಚ್ಚಿದ್ದರೆ, ಏಜೆಂಟರು ಸುಳ್ಳು ಹೇಳಿ ಮಾರಿದ್ದಾರೆಂದೇ ಅರ್ಥ.

ಮೂರೂ ಕಂಪನಿಗಳ ವಾರ್ಷಿಕ ವರದಿ ತರಿಸಿ ಓದಿ ಬರೆಯುತ್ತೇನೆ. ಅಲ್ಲಿಯವರೆಗೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಗುಬ್ಬಿಗೆ ನನ್ನ ನೆನಪಿದೆಯೇ?

ನಿಮ್ಮ ನಾದಿನಿ


ಮಾರ್ಚ್ ೨೯

ತಕ್ಕಡಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನೆಂದು ಗೊತ್ತಾಯಿತು. ಅದೇ ದುಂಡು, ಅದೇ ಕೊಂಬು. ಬದಲಾಗಿಲ್ಲ.

ವಾರ್ಷಿಕ ವರದಿಯೊಂದನ್ನು ನಾನೂ ತಂದೆ. ಹಳ್ಳಿಯ ಶಾಲೆಯ ಏಳನೇ ತರಗತಿಗೆ ಅದರಲ್ಲಿ ಅರ್ಥವಾದದ್ದು ಅಧ್ಯಕ್ಷರ ನಗು ಒಂದೇ. ಹಾಗಾಗಿ ನನಗೆ ತಿಳಿದ ರೀತಿಯಲ್ಲಿ ನೋಡಿದೆ. ಯಾವ ಆಸ್ಪತ್ರೆ ಹೇಗೆ ಎಂದು ತಿಳಿಯಲು ನಾನು ಡಾಕ್ಟರ ಬೋರ್ಡು ಓದುವುದಿಲ್ಲ, ಒಗೆಯಲು ಬರುವ ಬಟ್ಟೆ ನೋಡುತ್ತೇನೆ. ಮೂರು ದಿನ ರಜೆ ಹಾಕಿ, ಗುಬ್ಬಿಯನ್ನು ಕರೆದುಕೊಂಡು, ಮೂರೂ ಕಂಪನಿಗಳ ಕ್ಲೇಮು ಕಿಟಕಿಯ ಎದುರು ಕೂತೆ. ದಿನಕ್ಕೊಂದು. ಹೋಗುವವರ ಮುಖ ನೋಡಿದೆ, ಬರುವವರ ಮುಖ ನೋಡಿದೆ.

ಪಾರಿವಾಳದವರಲ್ಲಿ ಮೆತ್ತನೆ ಕುರ್ಚಿ, ಕುಡಿಯಲು ತಣ್ಣನೆ ನೀರು, ಗಾಜಿನ ತೊಟ್ಟಿಯಲ್ಲಿ ಮೀನು. ಗುಬ್ಬಿ ಅಲ್ಲೇ ಮೊಳೆ ಹೊಡೆದಂತೆ ನಿಂತಳು. "ಒಂದು, ಎರಡು, ಮೂರು, ನಾಲ್ಕು, ಒಂದು..." ಕೋಲು ಊರಿಕೊಂಡು ಒಬ್ಬ ಮುದುಕ ಬಂದ. ಕಿಟಕಿಯ ಹುಡುಗಿ ಎದ್ದು ಬಂದು, "ತಾತ, ನೀವು ಏಳ್ಬೇಡಿ, ಕೂತಿರಿ, ನಾನೇ ಬರೆದ್ಕೋತೀನಿ" ಎಂದಳು. ಅರ್ಧ ಗಂಟೆಯಲ್ಲಿ ಅವನ ಕೈಯಲ್ಲಿ ಚೆಕ್ಕು. ಕಾವಲಿನವನು ನನ್ನ ಹತ್ತಿರ ಬಂದ. "ಯಾರ ಕ್ಲೇಮಿಗೆ ಬಂದಿದ್ದೀರಮ್ಮ?" "ಯಾರದ್ದೂ ಅಲ್ಲಪ್ಪ, ಕಂಪನಿ ಕೊಳ್ಳೋಣ ಅಂತ ಬಂದಿದೀನಿ" ಎಂದೆ. "ಒಳ್ಳೇದಮ್ಮ, ಕೊಂಡ್ಮೇಲೆ ನನ್ನ ಸಂಬಳ ಜಾಸ್ತಿ ಮಾಡಿ" ಎಂದು ಸೆಲ್ಯೂಟ್ ಹೊಡೆದ.

ಕೀಲಿಕೈಯವರದು ಹೊಸ ಕಚೇರಿ, ಗೋಡೆಗೆ ಬಣ್ಣದ ವಾಸನೆ ಇನ್ನೂ ಆರಿಲ್ಲ. ದಿನವಿಡೀ ಕೂತರೂ ಒಬ್ಬರೂ ಬರಲಿಲ್ಲ. ಅವರ ಪಾಲಿಸಿಯಲ್ಲಿ ಇನ್ನೂ ಯಾರೂ ಸತ್ತಿಲ್ಲವೋ ಏನೋ.

ಹಡಗಿನವರಲ್ಲಿ ಅದೇ ಮರದ ಬೆಂಚು. ಎಂಟು ವರ್ಷದ ಹಿಂದೆ ನಾನು ಕೂತಾಗ ಮೂರನೇ ಪಟ್ಟಿ ಅಲುಗಾಡುತ್ತಿತ್ತು. ಈಗಲೂ ಅಲುಗಾಡುತ್ತದೆ. ಒಬ್ಬ ಅಜ್ಜಿಗೆ ಗುಮಾಸ್ತ ಹೇಳುತ್ತಿದ್ದ, "ಈ ಸಹಿಗೂ ಆ ಸಹಿಗೂ ತಾಳೆ ಆಗ್ತಿಲ್ಲವಲ್ಲಮ್ಮ." ಅವಳು, "ಆವಾಗ ನನ್ನ ಕೈ ನಡುಗ್ತಿರ್ಲಿಲ್ಲಪ್ಪ" ಎಂದಳು. ಕಾಗದ ವಾಪಸ್ಸು.

ಪಾರಿವಾಳದವರು ನೂರಕ್ಕೆ ಒಂಬತ್ತು ಡಿವಿಡೆಂಡ್ ಕೊಡುತ್ತಾರಂತೆ, ಷೇರು ದಲ್ಲಾಳಿ ಹೇಳಿದ. ಹನ್ನೆರಡು ಲಕ್ಷಕ್ಕೆ ಗುಣಿಸಿ ನೋಡು. ವರ್ಷಕ್ಕೆ ಒಂದು ಲಕ್ಷದ ಎಂಟು ಸಾವಿರ. ಆರೈಕೆ ಮನೆಯವರು ಕೇಳುವುದೂ ಅಷ್ಟೇ, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಇದು ದೇವರೇ ಕೂಡಿಸಿದ ಲೆಕ್ಕವಲ್ಲದೆ ಮತ್ತೇನು? ಪಾರಿವಾಳವೇ ಸರಿಯಲ್ಲವಾ? ಸರಿ ಎಂದು ಬರೆ.

ನಿನ್ನ ಅತ್ತಿಗೆ

ಗುಬ್ಬಿಗೆ ನಿನ್ನ ಮುಖ ನೆನಪಿಲ್ಲ. ಕನ್ನಡಕ ನೆನಪಿದೆ.


ಏಪ್ರಿಲ್ ೯

ಅತ್ತಿಗೆಗೆ ನಮಸ್ಕಾರ.

ಸರಿ ಎಂದು ಬರೆಯಲಾರೆ.

ಪಾರಿವಾಳದವರ ನೂರಕ್ಕೆ ಒಂಬತ್ತು ಅವರ ಧಾರಾಳದಿಂದ ಬಂದದ್ದಲ್ಲ. ಎರಡು ವರ್ಷದಲ್ಲಿ ಅವರ ಷೇರಿನ ಬೆಲೆ ಅರ್ಧಕ್ಕೆ ಬಿದ್ದಿದೆ. ಬೆಲೆ ಇಳಿದಾಗ ಹಳೇ ಡಿವಿಡೆಂಡೇ ದೊಡ್ಡದಾಗಿ ಕಾಣುತ್ತದೆ. ಅದನ್ನೂ ಮೂರು ವರ್ಷದಿಂದ ಸಾವಿಗೆಂದು ತೆಗೆದಿಟ್ಟ ಗಂಟಿನಿಂದ ಕೊಟ್ಟಿದ್ದಾರೆ. ಕಂತು ಕಡಿಮೆ ಇಟ್ಟು, ಕೇಳಿದವರಿಗೆಲ್ಲ ಪಾಲಿಸಿ ಮಾರಿದ್ದಾರೆ. ನೂರರಲ್ಲಿ ಐವತ್ತು ಜನ ಐದು ವರ್ಷದೊಳಗೆ ಬಿಟ್ಟುಹೋಗಿದ್ದಾರೆ. ಆ ಹುಡುಗಿ ಒಳ್ಳೆಯವಳೇ ಇರಬಹುದು, ಆದರೆ ಅವಳು ಕೊಡುತ್ತಿರುವುದು ನಾಳೆ ಸಾಯುವವರ ಹಣ. ಕೀಲಿಕೈಯವರಿಗೆ ಇನ್ನೂ ಹತ್ತು ವರ್ಷ ತುಂಬಿಲ್ಲ, ಅವರ ಗುಣ ಗೊತ್ತಾಗುವುದು ಮುಂದೆ.

ಉಳಿದದ್ದು ಹಡಗು. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಡಿವಿಡೆಂಡ್ ತಪ್ಪಿಸಿಲ್ಲ. ಗಂಟು ಮುಟ್ಟಿಲ್ಲ. ನೂರಕ್ಕೆ ನಾಲ್ಕು ಕೊಡುತ್ತದೆ, ವರ್ಷಕ್ಕೆ ಚೂರು ಚೂರು ಏರಿಸುತ್ತ ಬಂದಿದೆ. ಒಳಗೆ ಬಿಟ್ಟುಕೊಳ್ಳುವಾಗಲೂ ಬಿಗಿ, ಕೊಡುವಾಗಲೂ ಬಿಗಿ. ಅಲ್ಲಿ ಕೂತು ಕೆಲಸ ಮಾಡಿದ್ದೇನೆ, ಅದರ ಬಿಗಿ ಎಂಥದ್ದೆಂದು ಗೊತ್ತು. ನಿಮಗೂ ಗೊತ್ತು.

ಮುಕ್ಕಾಲು ಹಡಗಿನಲ್ಲಿ, ಕಾಲು ಬ್ಯಾಂಕಿನ ಠೇವಣಿಯಲ್ಲಿ. ನನ್ನ ಅಭಿಪ್ರಾಯ ಇದು. ಆರೈಕೆ ಮನೆಗೆ ಅದರಿಂದ ಹೆಚ್ಚೆಂದರೆ ಅರ್ಧ ಆಗುತ್ತದೆ. ಉಳಿದ ಅರ್ಧ ಎಲ್ಲಿಂದ ಎಂದು ನನಗೆ ಗೊತ್ತಿಲ್ಲ. ಹತ್ತು ದಿನದಿಂದ ಯೋಚಿಸುತ್ತಿದ್ದೇನೆ, ಹೊಳೆದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ ೧೪

ನಿನ್ನ ಪತ್ರ ಓದಿ ಸ್ಟೌ ಹತ್ತಿರ ಹಿಡಿದೆ, ಸುಡಲು. ಗುಬ್ಬಿ ಕೈಯಿಂದ ಕಿತ್ತುಕೊಂಡು ನಾಲ್ಕು ಮಡಿಕೆ ಮಾಡಿ ಟವೆಲಿನ ಕೆಳಗಿಟ್ಟಳು.

ಹಡಗಾ? ನನ್ನ ಗಂಡನ ಸಾವಿಗೆ ಕಾಸು ಕೊಡದವರ ಜೇಬಿಗೆ ನನ್ನ ಗಂಡನ ಶೆಡ್ಡಿನ ದುಡ್ಡು ಹಾಕಲಾ? ಆ ಅಜ್ಜಿಯ ನಡುಗುವ ಕೈಯಿಂದ ಕಿತ್ತುಕೊಂಡದ್ದರಲ್ಲಿ ನನ್ನ ಮಗಳಿಗೆ ಊಟ ಹಾಕಿಸಲಾ? ಅದನ್ನು ತಿಂದು ಅವಳು ಬದುಕಬೇಕಾ? ದೇವರ ಮುಂದೆ ನಿಂತು ನಾನೇನು ಹೇಳಲಿ?

ಅರ್ಧ ದುಡ್ಡು ಪಾರಿವಾಳದಲ್ಲಿ ಹಾಕಿಬಿಟ್ಟೆ. ನಿನ್ನೆಯೇ. ಉಳಿದರ್ಧಕ್ಕೂ ಕೈ ಹಾಕಿದ್ದೆ, ಯಾಕೋ ದಲ್ಲಾಳಿಯೇ "ಸ್ವಲ್ಪ ತಡೀರಿ ಅಮ್ಮ" ಎಂದ.

ಇನ್ನು ಬರೆಯಬೇಡ.

ಅತ್ತಿಗೆ


ಜುಲೈ ೨೨

ಅತ್ತಿಗೆ,

ಬರೆಯಬೇಡಿ ಎಂದಿರಿ, ಮೂರು ತಿಂಗಳು ಬರೆಯಲಿಲ್ಲ. ಇವತ್ತಿನ ಪತ್ರಿಕೆ ನೋಡಿದೆ. ಪಾರಿವಾಳದವರು ಈ ವರ್ಷ ಡಿವಿಡೆಂಡ್ ಇಲ್ಲ ಎಂದಿದ್ದಾರೆ. ಷೇರು ಮೂರರಲ್ಲೊಂದು ಪಾಲಿಗೆ ಬಂದಿದೆ.

ನೀವು ಹೇಗಿದ್ದೀರಿ? ಒಂದು ಸಾಲು ಸಾಕು.

ನಾದಿನಿ


ಜುಲೈ ೨೮

ತಕ್ಕಡಿ,

ಹೇಗಿರಲಿ? ಆರು ಲಕ್ಷ ಹಾಕಿದ್ದೆ, ಎರಡು ಉಳಿದಿದೆ. ಮಾರಿಬಿಟ್ಟೆ. ದಲ್ಲಾಳಿ ಲೆಕ್ಕದ ಚೀಟಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಚೀಟಿ ನನ್ನ ಕೈಗೆ ಕೊಡುವ ಬದಲು ಮೇಜಿನ ಮೇಲಿಟ್ಟ.

ಮೀನಿನ ತೊಟ್ಟಿ ನೋಡಿ ಮಗಳ ಬದುಕು ಹೂಡಿದ ತಾಯಿ ಇನ್ನೊಬ್ಬಳಿದ್ದರೆ ತೋರಿಸು. ಸಿಟ್ಟಿಗೆ ಹಾಕಿದೆ. ಆ ಹುಡುಗಿಯ ಒಳ್ಳೆಯ ಮಾತಿಗೆ ಹಾಕಿದೆ. ದೇವರು ಲೆಕ್ಕ ಕೂಡಿಸಿದ್ದಾನೆ ಎಂದುಕೊಂಡೆನಲ್ಲ, ಅವನ ಮೇಲೇಕೆ ಹೊರೆ ಹಾಕಲಿ, ಕೂಡಿಸಿದವಳು ನಾನೇ.

ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಎತ್ತಲು ಈಗ ಆಗುತ್ತಿಲ್ಲ. ಮೇಲ್ವಿಚಾರಕ ಮಡಿಸುವ ಮೇಜಿಗೆ ಹಾಕಿದ್ದಾನೆ. ಗುಬ್ಬಿಗೆ ಖುಷಿ, ಅಮ್ಮ ಪಕ್ಕದಲ್ಲೇ ಇರುತ್ತಾಳೆಂದು. ಅವಳು ನಾಲ್ಕು ಮಡಿಸುವಷ್ಟರಲ್ಲಿ ನಾನು ಒಂದು ಮಡಿಸುತ್ತೇನೆ. "ಅಮ್ಮ ನಿಧಾನ" ಎಂದು ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ.

ಆರೈಕೆ ಮನೆಯವರು ನವೆಂಬರಿನವರೆಗೆ ಜಾಗ ಹಿಡಿದಿಡುತ್ತಾರಂತೆ. ಅಲ್ಲಿಯವರೆಗೆ ನಾನು ಇದ್ದರೆ. ಮೊನ್ನೆ ದೇವರನ್ನು ಕೇಳಬಾರದ್ದು ಕೇಳಿಬಿಟ್ಟೆ, ನನಗಿಂತ ಮೊದಲು ಅವಳನ್ನು ಕರೆದುಕೋ ಎಂದು. ಕೇಳಿ ಮುಗಿಸುವ ಮೊದಲೇ ಬಾಯಿಗೆ ಕೈ ಅಡ್ಡ ಹಿಡಿದೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಎಂಟು ಲಕ್ಷವಿದೆ. ನಾಚಿಕೆ ಬಿಟ್ಟು ಕೇಳುತ್ತೇನೆ, ಹಡಗಿಗೇ ಹಾಕಲಾ? ಹಾಕಿದರೂ ಎಲ್ಲಿಗೆ ಸಾಕು?

ಅತ್ತಿಗೆ


ಆಗಸ್ಟ್ ೯

ಅತ್ತಿಗೆ,

ಮೊದಲು ಒಂದು ಮಾತು. ಇನ್ನು ಮುಂದೆ ನನ್ನನ್ನು ತಕ್ಕಡಿ ಎನ್ನಬೇಡಿ.

ಅಣ್ಣನ ಪಾಲಿಸಿಯ ಫಾರಂ ತುಂಬಿದ್ದು ನಾನು. ಶೆಡ್ಡಿನಲ್ಲಿ ಲೇತ್ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆದೆ, ಅವನ ಕೈಯೆಲ್ಲ ಎಣ್ಣೆ. ಒಂಬತ್ತನೇ ಪ್ರಶ್ನೆ, ಹಿಂದೆ ಎದೆನೋವು ಬಂದಿತ್ತೇ ಎಂದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದವಳು ನಾನೇ. ನಿಮಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ನಾನು ಪೆನ್ನು ಎತ್ತಿ ಅವನ ಮುಖ ನೋಡಿದೆ. "ಇಲ್ಲ ಅಂತ ಬರಿಯೇ ತಕ್ಕಡಿ, ಒಂದ್ಸಲ ತೂಕ ತಪ್ಪಿದ್ರೆ ಏನೂ ಆಗಲ್ಲ. ಗುಬ್ಬಿ ಇದ್ದಾಳಲ್ಲ" ಎಂದ. ಇಲ್ಲ ಎಂದು ಬರೆದೆ.

ಹದಿನಾಲ್ಕು ತಿಂಗಳಿಗೆ ಅವನು ಹೋದ. ಬೇಗ ಸತ್ತವರ ಫೈಲು ವಿಚಾರಣೆಗೆ ಹೋಗುತ್ತದೆ. ಅಧಿಕಾರಿ ನನ್ನನ್ನು ಒಳಗೆ ಕರೆದು ಫಾರಂ ತಿರುಗಿಸಿ ಇಟ್ಟರು. "ಇದು ನಿಮ್ಮ ಕೈ ಅಲ್ವಾ? ಬರೆಯುವಾಗ ಗೊತ್ತಿತ್ತಾ?" ನಾನು ನಿಜ ಹೇಳಿದ್ದು ನಿಜದ ಮೇಲಿನ ಪ್ರೀತಿಯಿಂದಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ. ಅಣ್ಣನಿಗೆ ನೋವಿತ್ತು, ನನಗೆ ಆಮೇಲೆ ತಿಳಿಯಿತು ಎಂದು ಬರೆದುಕೊಟ್ಟೆ. ಅರ್ಧ ನಿಜ. ಅವರು ಇನ್ನರ್ಧ ಕೇಳಲಿಲ್ಲ. ನನ್ನ ಕೆಲಸ ಉಳಿಯಿತು, ನಿಮ್ಮ ಹಣ ಹೋಯಿತು.

ಈಗ ಹಣದ ಮಾತು. ಕೆಲಸಗಾರರಿಗೆಂದು ಹಡಗಿನವರು ವರ್ಷವರ್ಷ ಕೊಟ್ಟ ಷೇರುಗಳು ನನ್ನಲ್ಲಿವೆ. ಅಣ್ಣ ಹೋದ ಮೇಲೆ ಬಂದ ಡಿವಿಡೆಂಡ್ ಒಂದನ್ನೂ ಮುಟ್ಟಿಲ್ಲ, ಬ್ಯಾಂಕಿನಲ್ಲಿದೆ. ಎರಡೂ ಸೇರಿ ಎಂಟು ಲಕ್ಷದ ಹತ್ತಿರ. ನಿಮ್ಮ ಎಂಟು ಕೂಡಿದರೆ ಹದಿನಾರು. ಆರೈಕೆ ಮನೆಯ ಪೂರ್ತಿ ಖರ್ಚು ನೂರಕ್ಕೆ ನಾಲ್ಕರಲ್ಲಿ ಹುಟ್ಟಬೇಕಾದರೆ ಇಪ್ಪತ್ತೇಳು ಬೇಕು. ಬರುವ ಡಿವಿಡೆಂಡನ್ನು ತಿನ್ನದೆ ಮತ್ತೆ ಮತ್ತೆ ಷೇರಿಗೇ ಹಾಕುತ್ತ ಹೋದರೆ ಹದಿನಾರು ಇಪ್ಪತ್ತೇಳಾಗಲು ಹದಿನಾಲ್ಕು ವರ್ಷ ಸಾಕು. ಮೂರು ಸಲ ಮಾಡಿ ನೋಡಿದೆ.

ಅತ್ತಿಗೆ, ಈ ದುಡ್ಡಿಗೆ ಕೊರತೆಯಿರುವುದು ವರ್ಷಗಳದ್ದು. ನಿಮ್ಮ ಹತ್ತಿರ ವರ್ಷಗಳಿಲ್ಲ. ನನ್ನ ಹತ್ತಿರ ಇವೆ. ನನಗೀಗ ಐವತ್ತೊಂದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದೇನೆ, ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ, ಒಬ್ಬಳೇ. ಆ ಹದಿನಾಲ್ಕು ವರ್ಷ ಗುಬ್ಬಿ ನನ್ನ ಜೊತೆ ಇರಲಿ. ನನ್ನ ಪಿಂಚಣಿಯಲ್ಲಿ ಇಬ್ಬರ ಊಟ ನಡೆಯುತ್ತದೆ. ಆಮೇಲೆ ಆರೈಕೆ ಮನೆ. ಅಷ್ಟರಲ್ಲಿ ಅವರ ಶುಲ್ಕವೂ ಏರುತ್ತದೆ, ಡಿವಿಡೆಂಡೂ ಏರಬಹುದು. ಯಾವುದು ಮುಂದೆ ಹೋಗುತ್ತದೆ ಎಂದು ಹೇಳಲಾರೆ.

ಹಡಗಿನ ಹಣ ಪಾಪದ್ದು ಎಂದಿರಿ. ಅದರಲ್ಲಿ ಅಣ್ಣನಿಗೆ ಸೇರಬೇಕಾದ್ದೂ ಇದೆ ಎಂದಷ್ಟೇ ಗೊತ್ತು.

ನೀವು ಬೇಡ ಎನ್ನಬಹುದು.

ನಾದಿನಿ


ಸೆಪ್ಟೆಂಬರ್ ೨

ಆ "ಇಲ್ಲ" ನಿನ್ನ ಅಕ್ಷರವೆಂದು ನನಗೆ ಎಂಟು ವರ್ಷದಿಂದ ಗೊತ್ತು.

ಕ್ಲೇಮು ತಿರಸ್ಕರಿಸಿದ ಕಾಗದದ ಜೊತೆ ಫಾರಂನ ನಕಲು ಕಳಿಸಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ತಪ್ಪು ಕಾಗುಣಿತ ತಿದ್ದಿ ತಿದ್ದಿ ಬರೆಸಿದವಳು ನೀನು. ನಿನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವಾ? ಕಾಸು ಹೋದದ್ದಕ್ಕೆ ನಾನು ಮಾತು ಬಿಡಲಿಲ್ಲ. ನೀನು ಬಂದು ಬಾಯಿಬಿಟ್ಟು ಹೇಳುತ್ತೀಯೆಂದು ಕಾದೆ. ನೀನು ಹೇಳಲಿಲ್ಲ. ಮಾರ್ಚಿನಲ್ಲಿ "ನೀನು ಸುಳ್ಳು ಹೇಳುವವಳಲ್ಲ" ಎಂದು ಬರೆದೆನಲ್ಲ, ಚುಚ್ಚಲೆಂದೇ ಬರೆದೆ. ದೇವರು ನನ್ನನ್ನು ಕ್ಷಮಿಸಲಿ.

ಮೂರು ವಾರ ಯೋಚಿಸಿದೆ. ಅದರಲ್ಲಿ ಒಂದು ವಾರ ಆಸ್ಪತ್ರೆಯಲ್ಲಿ. ನಾನೇ ಮಡಿಸಿದ ಚಾದರದ ಮೇಲೆ ಮಲಗಿದ್ದೆ. ಗುಬ್ಬಿಯನ್ನು ಲಾಂಡ್ರಿಯ ಹೆಂಗಸರು ಸರದಿಯಲ್ಲಿ ನೋಡಿಕೊಂಡರು. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗೆಲ್ಲ ಕಿರುಚಿದಳಂತೆ.

ಎಲ್ಲ ಕಂಪನಿಗಳೂ ನಮ್ಮ ಕೈಯಲ್ಲಿ ಫಾರಂ ತುಂಬಿಸಿದವು. ಈ ಸಲ ಫಾರಂ ನನ್ನದು, ತುಂಬುವವಳು ನೀನು. ಈ ಪತ್ರದ ಹಿಂದಿನ ಹಾಳೆಯಲ್ಲಿ ಗೆರೆ ಹಾಕಿ ಬರೆದಿದ್ದೇನೆ. ಒಂದನ್ನೂ ಖಾಲಿ ಬಿಡಬೇಡ. ತುಂಬಿ ಇದೇ ಹಾಳೆ ವಾಪಸ್ಸು ಕಳಿಸು.

ಅತ್ತಿಗೆ


ಸೆಪ್ಟೆಂಬರ್ ೧೨ (ಅತ್ತಿಗೆಯ ಹಾಳೆ, ತುಂಬಿ ವಾಪಸ್ಸು ಕಳಿಸಿದ್ದು)

೧. ನಿನ್ನ ಆರೋಗ್ಯ ಹೇಗಿದೆ?
ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಎಡ ಮಂಡಿ ನೋಯುತ್ತದೆ. ಡಾಕ್ಟರ ಚೀಟಿಗಳ ನಕಲು ಜೊತೆಗಿಟ್ಟಿದ್ದೇನೆ, ನಾಲ್ಕು.

೨. ಗುಬ್ಬಿಗೆ ಫಿಟ್ಸ್ ಬಂದರೆ ಏನು ಮಾಡುತ್ತೀಯ?
ಗೊತ್ತಿಲ್ಲ. ನೀವು ಕಲಿಸಬೇಕು.

೩. ಅವಳು ಒಂದೇ ಮಾತನ್ನು ನೂರು ಸಲ ಹೇಳಿದರೆ?
ಹತ್ತು ಸಲ ಕೇಳುತ್ತೇನೆ. ಆಮೇಲೆ ರೇಗಬಹುದು. ಕೈ ಮಾಡುವುದಿಲ್ಲ.

೪. ನನ್ನ ಜೊತೆ ಬಂದು ಆ ಅಜ್ಜಿಯನ್ನು ಹುಡುಕಿ, ಅವಳ ಸಹಿಯ ಕಾಗದ ಸರಿಮಾಡಿಸಿ ಕೊಡುತ್ತೀಯಾ? ಹಡಗಿನ ಕಾಸು ಗುಬ್ಬಿಯ ಬಾಯಿಗೆ ಹೋಗುವ ಮೊದಲು ಅದು ಆಗಬೇಕು.
ಮಾಡಿಸುತ್ತೇನೆ. ಅಂಥವರಿಗೆ ಹೆಬ್ಬೆರಳಿನ ಗುರುತು ಮತ್ತು ಇಬ್ಬರು ಸಾಕ್ಷಿಗಳು ಸಾಕೆಂಬ ನಿಯಮ ಇದೆ. ಕಿಟಕಿಯಲ್ಲಿರುವವರು ತಾವಾಗಿ ಹೇಳುವುದಿಲ್ಲ. ನಾನೂ ಎಷ್ಟೋ ಜನರಿಗೆ ಹೇಳಲಿಲ್ಲ.

೫. ಇವಳನ್ನು ಇಟ್ಟುಕೊಳ್ಳಲು ಹೆದರಿಕೆ ಇದೆಯೇ?
ಇಲ್ಲ.

೬. ಎಷ್ಟು ವರ್ಷಕ್ಕೆ ಒಪ್ಪಿಗೆ?
ಹದಿನಾಲ್ಕು. ಮೈಯಲ್ಲಿ ಶಕ್ತಿ ಉಳಿದಿದ್ದರೆ ಅದಕ್ಕಿಂತ ಹೆಚ್ಚು.

೭. ಮೇಲಿನ ಉತ್ತರಗಳಲ್ಲಿ ಯಾವುದಾದರೂ ಸುಳ್ಳೇ?
ಐದನೆಯದು. ಹಾಗೆ ಬರೆದು, ಇದೊಂದನ್ನು ಖಾಲಿ ಬಿಟ್ಟು, ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸ್ಸು ಬಂದೆ. ಲಕೋಟೆ ಹರಿದು ಅದನ್ನು ಹೊಡೆದುಹಾಕಿದ್ದೇನೆ. ನೀವು ಓದುವಂತೆ ಒಂದೇ ಗೆರೆ ಎಳೆದಿದ್ದೇನೆ. ಹೆದರಿಕೆ ಇದೆ ಅತ್ತಿಗೆ, ಬಹಳ ಇದೆ.

ಸಹಿ: ನಾದಿನಿ


ಸೆಪ್ಟೆಂಬರ್ ೧೮

ತಕ್ಕಡಿಗೆ,

ಫಾರಂ ಬಂತು. ಐದನೆಯದರ ಮೇಲಿನ ಗೆರೆ ನೋಡಿದೆ. ಉಳಿದ ಆರೂ ತಪ್ಪಿದ್ದರೂ ಪರವಾಗಿರಲಿಲ್ಲ, ಅದೊಂದಕ್ಕೆ ಮಂಜೂರು.

ಕ್ಷಮಿಸಿದ್ದೇನೆ ಎಂದು ಬರೆಯಲೇ ಎಂದು ನೋಡಿದೆ. ಕೈ ಬರಲಿಲ್ಲ. ನೀನು ನಿಜ ಬರೆದ ಹಾಳೆಗೆ ಉತ್ತರವಾಗಿ ನಾನು ಸುಳ್ಳು ಬರೆಯಬಾರದು. ಎದುರು ಬದುರು ಕೂತು ಕೆಲವು ದಿನ ಟವೆಲ್ ಮಡಿಸೋಣ, ಆಮೇಲೆ ನೋಡೋಣ. ಇರುವ ದಿನಗಳು ಸಾಲದಿದ್ದರೆ ಉಳಿದದ್ದನ್ನು ದೇವರಿಗೆ ಬಿಡುತ್ತೇನೆ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆ, ನಾಲ್ಕು ಗಂಟೆಯ ದಾರಿ. ಎಂಟು ಲಕ್ಷದ ಚೆಕ್ಕು ನನ್ನ ಚೀಲದಲ್ಲಿರುತ್ತದೆ, ಆ ಅಜ್ಜಿಯ ಕಾಗದ ಸರಿಯಾಗುವ ತನಕ ಅದು ಹಡಗಿಗೆ ಹೋಗಕೂಡದು. ಗುಬ್ಬಿಯ ಮಾತ್ರೆ, ಅವಳ ಹತ್ತು ಟವೆಲು ಅವಳ ಚೀಲದಲ್ಲಿ. ಬಸ್ ನಿಲ್ದಾಣಕ್ಕೆ ಬಾ, ನನಗೆ ಚೀಲ ಹೊರಲಾಗುವುದಿಲ್ಲ. ಅವಳು ಹೊಸಬರನ್ನು ಕಂಡರೆ ಕಿರುಚುತ್ತಾಳೆ.

ಕನ್ನಡಕ ಹಾಕಿಕೊಂಡೇ ಬಾ.

ನಿನ್ನ ಅತ್ತಿಗೆ